ರೋಮನ್ ದೂರದರ್ಶಕದಲ್ಲಿ ಬೇರೆ ದೇಶಗಳ ಪಾಲು

ರೋಮನ್ ಬಾಹ್ಯಾಕಾಶ ದೂರದರ್ಶಕ ನಾಸಾದ್ದು, ಹಾಗಿರುವಾಗ ಅದರ ಪಾಲುದಾರರಲ್ಲಿ ಯುರೋಪ್, ಜಪಾನ್ ಹೆಸರುಗಳು ಇರುವುದು ಬರೀ ಅಲಂಕಾರಕ್ಕೇನಾ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಕ್ಷತ್ರದ ಪ್ರಖರ ಬೆಳಕನ್ನು ಮರೆಮಾಡಿ ಪಕ್ಕದ ಮಂಕು ಗ್ರಹವನ್ನು ಹುಡುಕುವ ಕರೋನಾಗ್ರಾಫ್ ಉಪಕರಣವನ್ನೇ ನೋಡಿ: ಅದರ ಅತಿ ನಯವಾದ ಕನ್ನಡಿಗಳಲ್ಲಿ ಕೆಲವು ಫ್ರಾನ್ಸಿನವು, ಬೆಳಕಿನ ಧ್ರುವೀಕರಣ (ಬೆಳಕಿನ ಅಲೆ ಕಂಪಿಸುವ ದಿಕ್ಕು) ಅಳೆಯುವ ಭಾಗಗಳು ಜಪಾನಿನವು, ಕರಾರುವಾಕ್ಕಾಗಿ ಹೊಂದಿಸುವ ಯಂತ್ರಾಂಗಗಳು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಖಗೋಳವಿಜ್ಞಾನ ಸಂಸ್ಥೆಯವು.

ರೋಮನ್‌ನ ಮುಖ್ಯ ಕನ್ನಡಿ ಹಬಲ್ ದೂರದರ್ಶಕದ್ದರಷ್ಟೇ, 2.4 ಮೀಟರ್, ನೋಟದ ಹರವು ಮಾತ್ರ ನೂರು ಪಟ್ಟಿಗೂ ಹೆಚ್ಚು; ಹಾಗಾಗಿ ದತ್ತಾಂಶವೂ ಅಪಾರ. ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಿಂದ ಹರಿದುಬರುವ ಆ ದತ್ತಾಂಶವನ್ನು ಹಿಡಿಯಲು ಆಸ್ಟ್ರೇಲಿಯದಲ್ಲಿರುವ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ನ್ಯೂ ನಾರ್ಸಿಯಾ, ಜಪಾನಿನ ಮಿಸಾಸಾ ಆಂಟೆನಾಗಳೂ ಬೇಕು.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಬೇರೆಯೇ: ಈ ದತ್ತಾಂಶವನ್ನು ಯಾವ ತಂಡವೂ ತನಗಾಗಿ ಕಾಯ್ದಿಟ್ಟುಕೊಳ್ಳುವಂತಿಲ್ಲ. ಸಂಸ್ಕರಣೆ ಮುಗಿದೊಡನೆ ಅದು ಎಲ್ಲರಿಗೂ ತೆರೆದಿರುತ್ತದೆ, ನಿಮಗೂ.