ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಎಲ್ಲಿದೆ?

ಪ್ರಶ್ನೆ: ಈ ಬೇಸಿಗೆಯಲ್ಲಿ ಮೈಸೂರಿನಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಾಥೆಲ್‌ಗೆ ಬಂದಿದ್ದೇವೆ. ಮಗಳು ಊರಲ್ಲಿ ಒಂಬತ್ತನೇ ಕ್ಲಾಸ್ ಮುಗಿಸಿದ್ದಾಳೆ, ಇಲ್ಲಿ ಹತ್ತಕ್ಕೆ ಸೇರಬೇಕು. ಹೈಸ್ಕೂಲ್ ಪಾಸಾಗಲು 24 ಕ್ರೆಡಿಟ್ ಬೇಕು, ಜೊತೆಗೆ ಒಂದು ‘ಪಾತ್‌ವೇ’ ಮುಗಿಸಬೇಕು ಎನ್ನುತ್ತಾರೆ. ಒಂದೂ ತಲೆಗೆ ಹತ್ತುತ್ತಿಲ್ಲ. ಅವಳಿಗೆ ಒಂದು ವರ್ಷ ಹಾಳಾಗುತ್ತದಾ? ಮನೆಯಲ್ಲಿ ನಾವು ಮಾತಾಡುವುದು ಕನ್ನಡವೇ. ಅದಕ್ಕೆ ಇಲ್ಲಿ ಏನಾದರೂ ಬೆಲೆ ಇದೆಯಾ?

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ ತಾಯಿ. ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತಂದಿದ್ದೀರಾ?

ನಮ್ಮಲ್ಲಿ ಒಂಬತ್ತನೇ ಕ್ಲಾಸ್ ಅಂದರೆ ಹತ್ತಕ್ಕೆ ಹೋಗುವ ಮೆಟ್ಟಿಲು, ಅಷ್ಟೇ. ಎಲ್ಲರ ಕಣ್ಣೂ ಎಸ್ಸೆಸ್ಸೆಲ್ಸಿಯ 625ರ ಮೇಲೆ. ಹಾಗಾಗಿ ಟಿಸಿ, ಪಾಸ್‌ಪೋರ್ಟ್, ಲಸಿಕೆ ಕಾರ್ಡ್ ಎಲ್ಲ ಜೋಪಾನವಾಗಿ ತರುತ್ತೇವೆ, ಒಂಬತ್ತರ ಮಾರ್ಕ್ಸ್ ಕಾರ್ಡ್ ಅಲ್ಲೇ ಬೀರುವಿನಲ್ಲಿ ಉಳಿದುಬಿಡುತ್ತದೆ. ಇಲ್ಲಿ ಹೈಸ್ಕೂಲ್ ಶುರುವಾಗುವುದೇ ಒಂಬತ್ತರಿಂದ. ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ, ನಾಲ್ಕರ ಲೆಕ್ಕವೂ ಸೇರಿ 24. ಆ ಒಂದು ಹಾಳೆ ಇಲ್ಲದಿದ್ದರೆ ನಿಮ್ಮ ಮಗಳು ಮೈಸೂರಲ್ಲಿ ಓದಿದ ಗಣಿತ, ವಿಜ್ಞಾನ, ಇಂಗ್ಲಿಷ್ ಯಾವುದಕ್ಕೂ ಕ್ರೆಡಿಟ್ ಕೊಡಲು ಶಾಲೆಗೆ ಆಧಾರವೇ ಇರುವುದಿಲ್ಲ. ಇವತ್ತೇ ಊರಿನ ಶಾಲೆಗೆ ಫೋನ್ ಮಾಡಿ, ಸೀಲು ಸಹಿ ಇರುವ ಪ್ರತಿ ತರಿಸಿಕೊಳ್ಳಿ. ಯಾವ ವಿಷಯ ಓದಿದ್ದಾಳೆ, ವಾರಕ್ಕೆ ಎಷ್ಟು ಪೀರಿಯಡ್ ಇತ್ತು ಎಂದು ಒಂದು ಪತ್ರವೂ ಕೊಟ್ಟರೆ ಇನ್ನೂ ಒಳ್ಳೆಯದು. ಯಾವುದಕ್ಕೆ ಎಷ್ಟು ಕ್ರೆಡಿಟ್ ಎಂದು ತೀರ್ಮಾನಿಸುವವರು ಇಲ್ಲಿನ ಶಾಲೆಯವರು. ಅವರ ಕೈಗೆ ಕಾಗದ ಕೊಡುವುದು ನಮ್ಮ ಕೆಲಸ.

ಈಗ 24ರ ಲೆಕ್ಕ. ಒಂದು ವಿಷಯವನ್ನು ಇಡೀ ವರ್ಷ ಓದಿ ಪಾಸಾದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್, ಒಂದು ಸೆಮಿಸ್ಟರ್ ಆದರೆ ಅರ್ಧ. ಇಂಗ್ಲಿಷ್ 4. ಗಣಿತ, ವಿಜ್ಞಾನ, ಸಮಾಜ ತಲಾ 3. ಕಲೆ 2, ಆರೋಗ್ಯ ಮತ್ತು ವ್ಯಾಯಾಮ 2, ಬೇರೆ ಭಾಷೆ 2, ವೃತ್ತಿ ಶಿಕ್ಷಣ 1. ಉಳಿದ 4 ಮಕ್ಕಳ ಆಯ್ಕೆ. ದಿನಕ್ಕೆ ಆರು ಪೀರಿಯಡ್ ಇರುವ ಶಾಲೆಯಾದರೆ ವರ್ಷಕ್ಕೆ 6, ನಾಲ್ಕು ವರ್ಷಕ್ಕೆ ಸರಿಯಾಗಿ 24. ಒಂದು ಚೂರೂ ಮಿಗುವುದಿಲ್ಲ ನೋಡಿ. ಒಂದು ವಿಷಯ ಕೈಕೊಟ್ಟರೆ ಬೇಸಿಗೆ ಶಾಲೆಯಲ್ಲೋ ಆನ್‌ಲೈನ್‌ನಲ್ಲೋ ತುಂಬಿಸಿಕೊಳ್ಳಬೇಕು. ಹೊರಗಿನಿಂದ ಬಂದ ಮಕ್ಕಳಿಗೆ ಒಂಬತ್ತರ ಕ್ರೆಡಿಟ್ ಯಾಕೆ ಇಷ್ಟು ಮುಖ್ಯ ಅಂತ ಈಗ ಗೊತ್ತಾಯಿತಲ್ವಾ?

ಕ್ರೆಡಿಟ್ ಎಂದರೆ ‘ಓದಿದ್ದಾಳೆ’ ಎಂಬ ಲೆಕ್ಕ. ಪಾತ್‌ವೇ ಎಂದರೆ ‘ಕಲಿತದ್ದು ಬರುತ್ತದೆ ಎಂದು ತೋರಿಸಿದ್ದಾಳೆ’ ಎಂಬ ಲೆಕ್ಕ. ಎರಡೂ ಬೇಕು. ಒಂದರಲ್ಲಿ ಜಾಸ್ತಿ ಇದ್ದರೆ ಇನ್ನೊಂದಕ್ಕೆ ಹಾಕಿಕೊಳ್ಳಲು ಆಗುವುದಿಲ್ಲ. ಪಾತ್‌ವೇಗಳು ಹಲವು ಇವೆ, ಒಂದು ಮುಗಿಸಿದರೆ ಸಾಕು. ಹೆಚ್ಚಿನ ಮಕ್ಕಳು ಮೊದಲು ನೋಡುವುದು ಹತ್ತನೇ ಕ್ಲಾಸಿನಲ್ಲಿ ಬರುವ ‘ಸ್ಮಾರ್ಟರ್ ಬ್ಯಾಲೆನ್ಸ್ಡ್’ ಎಂಬ ರಾಜ್ಯಮಟ್ಟದ ಪರೀಕ್ಷೆಯನ್ನು. ಅದರ ಇಂಗ್ಲಿಷ್ ಮತ್ತು ಗಣಿತದಲ್ಲಿ ರಾಜ್ಯ ಗೊತ್ತುಮಾಡಿದ ಅಂಕ ಬಂದರೆ ಆಯಿತು. ನಿಮ್ಮ ಮಗಳಿಗೆ ಅದು ಬಂದ ವರ್ಷವೇ ಎದುರಾಗುತ್ತದೆ, ಇಂಗ್ಲಿಷ್‌ನಲ್ಲಿ ಅಂಕ ಕಡಿಮೆ ಬರಬಹುದು. ಗಾಬರಿ ಬೇಡ, ಅದೇ ಕೊನೆಯ ಬಾಗಿಲೇನೂ ಅಲ್ಲ. ಗಣಿತವನ್ನು ಆ ಪರೀಕ್ಷೆಯಿಂದಲೇ ತೋರಿಸಿ, ಇಂಗ್ಲಿಷ್‌ಗೆ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ) ಪರೀಕ್ಷೆಯಲ್ಲಿ 5ಕ್ಕೆ 3, ಎಸ್‌ಎಟಿ (ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಅಂಕ ಅಥವಾ ಹನ್ನೆರಡರಲ್ಲಿ ಕಾಲೇಜಿಗೆ ಸಿದ್ಧಗೊಳಿಸುವ ‘ಬ್ರಿಡ್ಜ್ ಟು ಕಾಲೇಜ್’ ಕೋರ್ಸ್ ಹಿಡಿಯಬಹುದು. ವೃತ್ತಿ ಶಿಕ್ಷಣದ ದಾರಿಯೂ ಇದೆ. 2023ರ ಕಾನೂನಿನಿಂದ, ಮಾಡಿದ ಕೆಲಸವನ್ನೇ ತೋರಿಸಿ ಸಾಬೀತು ಮಾಡುವ ದಾರಿಯೂ ಸೇರಿದೆ. ಒಂದೇ ಪರೀಕ್ಷೆಯ ಮೇಲೆ ಮಕ್ಕಳ ಹಣೆಬರಹ ನಿಲ್ಲಬಾರದು ಎಂಬ ಈ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ.

ಇವಲ್ಲದೆ ‘ಹೈಸ್ಕೂಲ್ ಆ್ಯಂಡ್ ಬಿಯಾಂಡ್ ಪ್ಲಾನ್’ ಎಂಬ ಮುಂದಿನ ಯೋಜನೆ ಬರೆದಿಡಬೇಕು. ವಾಷಿಂಗ್ಟನ್ ರಾಜ್ಯದ ಇತಿಹಾಸವನ್ನು ಇಲ್ಲಿನ ಮಕ್ಕಳು ಏಳು, ಎಂಟರಲ್ಲೇ ಮುಗಿಸಿರುತ್ತಾರೆ, ನಿಮ್ಮ ಮಗಳದ್ದು ಹೇಗೆ ಎಂದು ಮೊದಲ ಭೇಟಿಯಲ್ಲೇ ಶಾಲೆಯ ಕೌನ್ಸೆಲರ್ (ಮಕ್ಕಳ ಓದಿಗೆ ಸಲಹೆ ಕೊಡುವವರು) ಅವರನ್ನು ಕೇಳಿ.

ಇನ್ನು ಕನ್ನಡ. ಬೆಲೆ ಇದೆ, ಅದೂ ಚೆನ್ನಾಗಿಯೇ ಇದೆ! ವಾಷಿಂಗ್ಟನ್‌ನಲ್ಲಿ ತರಗತಿಯಲ್ಲಿ ಕೂರದೆ, ಭಾಷೆ ಬರುತ್ತದೆ ಎಂದು ಪರೀಕ್ಷೆಯಲ್ಲಿ ತೋರಿಸಿಯೇ ಕ್ರೆಡಿಟ್ ಪಡೆಯಬಹುದು, ಗರಿಷ್ಠ 4. ಅವಾಂಟ್ ಎಂಬ ಸಂಸ್ಥೆಯ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಬರೆಯುವುದು, ಮಾತಾಡುವುದು ಎರಡೇ ಭಾಗ. ಒಂದು ಸಂದರ್ಭ ಕೊಡುತ್ತಾರೆ, ಅದರ ಬಗ್ಗೆ ನಮ್ಮದೇ ಮಾತಿನಲ್ಲಿ ಬರೆಯಬೇಕು, ಹೇಳಬೇಕು. ಬರೀ ಕಂಠಪಾಠದ ಪದಗಳ ಮಟ್ಟಕ್ಕೆ 1 ಕ್ರೆಡಿಟ್. ವಾಕ್ಯಕ್ಕೆ ವಾಕ್ಯ ಸೇರಿಸಿ ದಿನನಿತ್ಯದ ವಿಷಯಗಳನ್ನು ಸ್ವಂತ ಮಾತಿನಲ್ಲಿ ಹೇಳುವ ಮಟ್ಟಕ್ಕೆ, ಅಂದರೆ ‘ಇಂಟರ್‌ಮೀಡಿಯೆಟ್ ಮಿಡ್’ಗೆ, 4. ಬರವಣಿಗೆ, ಮಾತು ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಟ್ಟ ಲೆಕ್ಕಕ್ಕೆ ಬರುತ್ತದೆ.

ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಎಡವುವುದು ಈ ಕಡೆಯ ಸಾಲಿನಲ್ಲಿ. ಅಜ್ಜಿಯ ಜೊತೆ ಗಂಟೆಗಟ್ಟಲೆ ಹರಟುತ್ತಾರೆ. ‘ಅಮ್ಮ ಉಪ್ಪಿಟ್ಟು ಮಾಡಿದ್ದಾಳೆ’ ಎಂದು ಬರೆಯಲು ಕೊಟ್ಟರೆ ಉಪ್ಪಿಟ್ಟಿನ ಒತ್ತಕ್ಷರದ ಹತ್ತಿರ ಕೈ ನಿಲ್ಲುತ್ತದೆ. ನಿಮ್ಮ ಮಗಳಿಗೆ ಆ ಕಷ್ಟ ಇರಲಾರದು. ಆದರೆ ಪರೀಕ್ಷೆ ಕಂಪ್ಯೂಟರಿನಲ್ಲಿ. ಪೆನ್ನಿನಲ್ಲಿ ಸರಸರ ಬರೆಯುವ ಹುಡುಗಿಯೂ ಕೀಬೋರ್ಡ್ ಮುಂದೆ ಅಕ್ಷರ ಹುಡುಕುತ್ತಾ ಕೂರಬಹುದು. ಅದಕ್ಕೇ ಈಗಿನಿಂದ ದಿನಾ ಹತ್ತು ಸಾಲು ಕನ್ನಡದಲ್ಲಿ ಟೈಪ್ ಮಾಡಿಸಿ. ಮೈಸೂರಿನ ಗೆಳತಿಗೆ ಮೆಸೇಜ್ ಬರೆದರೂ ಆಯಿತು, ಇಂಗ್ಲಿಷ್ ಅಕ್ಷರದಲ್ಲಿ ಬೇಡ, ಅಷ್ಟೇ.

4 ಬಂದರೆ ಭಾಷೆಯ 2 ಮುಗಿಯಿತು, ಉಳಿದ 2 ಆಯ್ಕೆಯ ಲೆಕ್ಕಕ್ಕೆ. ಹೊಸ ದೇಶದಲ್ಲಿ ಹೊಸ ಪಾಠಗಳ ಮಧ್ಯೆ ಒದ್ದಾಡುವ ಮಗುವಿಗೆ ಎರಡು ಪೀರಿಯಡ್ ಬಿಡುವಾದರೂ ಎಷ್ಟು ಉಸಿರು! ಇಂಗ್ಲಿಷ್‌ನ ಅರ್ಹತೆಯನ್ನೂ ಮುಗಿಸಿದರೆ ‘ಸೀಲ್ ಆಫ್ ಬೈಲಿಟರಸಿ’ ಎಂಬ, ಎರಡು ಭಾಷೆ ಬಲ್ಲವರಿಗೆ ಕೊಡುವ ಗೌರವವೂ ಸಿಗುತ್ತದೆ. ವಾಷಿಂಗ್ಟನ್ ಇದನ್ನು 2014ರಲ್ಲಿ ತಂದಿತು. ಕನ್ನಡ ಬಲ್ಲವಳು ಎಂದು ಅವಳ ಶಾಲಾ ದಾಖಲೆಯಲ್ಲೇ ಇರುತ್ತದೆ.

ಕೌನ್ಸೆಲರ್ ಹತ್ತಿರ ಹೋದಾಗ ‘ವರ್ಲ್ಡ್ ಲ್ಯಾಂಗ್ವೇಜ್ ಕಾಂಪಿಟೆನ್ಸಿ ಟೆಸ್ಟ್’ ಎಂದೇ ಕೇಳಿ, ‘ಕನ್ನಡಕ್ಕೆ ಯಾವಾಗ, ಶುಲ್ಕ ಎಷ್ಟು’ ಎಂದು ಬರೆದುಕೊಂಡು ಬನ್ನಿ. ಅಲ್ಲಿ ಕೆಲವರು ಕನ್ನಡದ ಹೆಸರೇ ಕೇಳಿರುವುದಿಲ್ಲ, ಪಟ್ಟಿಯಲ್ಲಿ ಇದೆ ಎಂದು ನೀವೇ ತೋರಿಸಬೇಕಾಗಬಹುದು. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.