ಮಡೈರಾದ ರನ್‌ವೇ: ಕಂಬಕ್ಕೆ ಬಗ್ಗದ ಗಾಳಿ

ಪೋರ್ಚುಗಲ್‌ನ ಮಡೈರಾ ದ್ವೀಪದಲ್ಲಿ ಕಡಲಂಚಿಗೆ ಕಂಬ ನಿಲ್ಲಿಸಿ ರನ್‌ವೇ ಉದ್ದ ಮಾಡಿದ ಮೇಲೂ, ಚೆನ್ನಾಗಿ ಬಿಸಿಲಿರುವ ದಿನವೇ ವಿಮಾನಗಳು ಇಳಿಯದೆ ವಾಪಸ್ ಹೋಗುತ್ತವಲ್ಲ, ಹಾಗಾದರೆ ಅಷ್ಟೆಲ್ಲ ಕಟ್ಟಿದ್ದು ದಂಡ ಅಲ್ವಾ ಅಂತ ಬರೆದಿದ್ದೀರಿ. ದಂಡ ಖಂಡಿತ ಅಲ್ಲ. ಅಲ್ಲಿ ತೊಂದರೆ ಎರಡು, ಕಂಬಗಳು ಬಗೆಹರಿಸಿದ್ದು ಒಂದನ್ನು.

ಮೊದಲನೆಯದು ಜಾಗ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಅಟ್ಲಾಂಟಿಕ್. 1964ರಲ್ಲಿ ಶುರುವಾದಾಗ ರನ್‌ವೇ ಬರೀ 1,600 ಮೀಟರ್ ಇತ್ತು. 1977ರ ನವೆಂಬರ್ 19ರ ರಾತ್ರಿ, ಜೋರು ಮಳೆಯಲ್ಲಿ, ಟ್ಯಾಪ್ ಕಂಪನಿಯ ಬೋಯಿಂಗ್ 727 ವಿಮಾನ ಇಳಿದ ಮೇಲೂ ನಿಲ್ಲಲಾಗದೆ ರನ್‌ವೇ ದಾಟಿ ಕೆಳಗೆ ಬಿತ್ತು. ಅದರಲ್ಲಿದ್ದ 164 ಜನರಲ್ಲಿ 131 ಜನ ಸತ್ತರು. ಕಟ್ಟಿದ್ದು ದಂಡ ಅನ್ನುವ ಮೊದಲು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ ಅಂತ ನನ್ನ ಕೋರಿಕೆ. ಎಂಬತ್ತರ ದಶಕದಲ್ಲಿ ರನ್‌ವೇಯನ್ನು 1,800 ಮೀಟರ್ ಮಾಡಿದರು. 2000ದ ಹೊತ್ತಿಗೆ, ಸುಮಾರು 180 ಕಾಂಕ್ರೀಟ್ ಕಂಬಗಳ ಮೇಲೆ ಸೇತುವೆಯ ಹಾಗೆ ಹಾಸು ಕಟ್ಟಿ 2,781 ಮೀಟರ್‌ಗೆ ತಂದರು. ಅದರ ಅಡಿಯಲ್ಲೇ ರಸ್ತೆ ಹೋಗುತ್ತದೆ, ಆಟದ ಅಂಗಳಗಳೂ ಇವೆ. ಈ ಕೆಲಸಕ್ಕೆ 2004ರಲ್ಲಿ ಸೇತುವೆ ಮತ್ತು ಕಟ್ಟಡ ಎಂಜಿನಿಯರುಗಳ ಅಂತಾರಾಷ್ಟ್ರೀಯ ಸಂಘ ಪ್ರಶಸ್ತಿ ಕೊಟ್ಟಿತು. ಕೊಡಬೇಕಾದದ್ದೇ.

ಎರಡನೆಯದು ಗಾಳಿ. ಇದಕ್ಕೆ ಕಂಬ ಏನೂ ಮಾಡಲಾರದು. ದ್ವೀಪದ ನಡುವೆ ಪಿಕೊ ರುಯಿವೊ ಶಿಖರವೇ 1,862 ಮೀಟರ್ ಇದೆ. ಉತ್ತರದಿಂದ ಬೀಸಿದ ಗಾಳಿ ಈ ಬೆಟ್ಟಸಾಲನ್ನು ಹತ್ತಿ ಈಚೆ ಇಳಿಯುವಾಗ ಸುಳಿಯಾಗಿ ಒಡೆಯುತ್ತದೆ, ಆ ಸುಳಿಗಳು ವಿಮಾನ ತೀರಾ ಕೆಳಗಿದ್ದು ನಿಧಾನವಾಗಿರುವ ಹೊತ್ತಿಗೇ ಎದುರಾಗುತ್ತವೆ. ಆಕಾಶ ತಿಳಿಯಾಗಿದ್ದರೂ ಇದು ಆಗುತ್ತದೆ, ಮೋಡಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರ ಮೇಲೆ ಒಂದು ಕಡೆಯಿಂದ ಬರುವಾಗ ರನ್‌ವೇಗೆ ನೇರವಾಗಿ ಬರಲಿಕ್ಕೇ ಆಗದು, ಪೈಲಟ್ ಕಣ್ಣಳತೆಯಲ್ಲಿ ದಡದ ಪಕ್ಕ ಹಾರಿ ಕೊನೆಯಲ್ಲಿ ಬಲಕ್ಕೆ ತಿರುಗಿ ಇಳಿಸಬೇಕು. ಅದಕ್ಕೇ ಅಲ್ಲಿಗೆ ಹೋಗುವ ಪೈಲಟ್‌ಗಳಿಗೆ ಬೇರೆ ತರಬೇತಿ ಬೇಕು. ಗಾಳಿ ಯಾವ ದಿಕ್ಕಿನಿಂದ ಎಷ್ಟು ಬೀಸಿದರೆ ಇಳಿಯಬಾರದು ಅನ್ನುವ ಮಿತಿಯೂ ಇದೆ. ಅದು ಬರೀ ಸಲಹೆಯಲ್ಲ, ಮೀರುವಂತಿಲ್ಲ.

ಮುಂದಿನ ವರ್ಷ ಹೋಗುತ್ತೀರಂತೆ, ಖಂಡಿತ ಹೋಗಿ. ಆದರೆ ವಾಪಸಿನ ದಿನವೇ ಮುಂದಿನ ದೂರದ ವಿಮಾನವನ್ನು ಹಿಡಿಯುವ ಹಾಗೆ ಟಿಕೆಟ್ ಮಾಡಬೇಡಿ, ಲಿಸ್ಬನ್‌ನಲ್ಲಿ ಒಂದು ರಾತ್ರಿ ಬಿಡುವಿಟ್ಟುಕೊಳ್ಳಿ. ಹೋಗುವಾಗ ಗಾಳಿ ಜಾಸ್ತಿಯಿದ್ದರೆ ಪಕ್ಕದ ಪೋರ್ಟೊ ಸಾಂಟೊ ದ್ವೀಪದಲ್ಲೋ ಇನ್ನೆಲ್ಲೋ ಇಳಿಸಬಹುದು. ಆಗ ಪೈಲಟ್ ಮೇಲೆ ಸಿಟ್ಟಾಗಬೇಡಿ.