ಅಮ್ಮನಿಗೆ ರೋಬೋಟ್ ತರಿಸಲಾ?

ಪ್ರಶ್ನೆ: ಅಮ್ಮನಿಗೆ 74, ಮರೆವಿನ ಕಾಯಿಲೆ. ಸಂಜೆಯಾದರೆ ‘ಮನೆಗೆ ಹೋಗ್ತೀನಿ’ ಅಂತ ಬಾಗಿಲ ಚಿಲಕ ಹಿಡಿದು ನಿಲ್ಲುತ್ತಾರೆ. ಇಂಥವರಿಗೆ ರೋಬೋಟ್ ಇದೆಯಂತೆ, ತರಿಸಲಾ?
– ಓದುಗರು, ದಾವಣಗೆರೆ

ಉತ್ತರ: ಇದೆ. ಜಪಾನಿನ ‘ಪಾರೊ’ ಅಂತ, ಸೀಲ್ ಎಂಬ ಕಡಲಪ್ರಾಣಿಯ ಮರಿಯಂತಿರುವ ಬಿಳಿ ತುಪ್ಪಳದ ರೋಬೋಟ್, ಮಡಿಲಲ್ಲಿಟ್ಟು ಸವರಿದರೆ ಕಣ್ಣು ಮಿಟುಕಿಸಿ ಕುಂಯ್ ಅನ್ನುತ್ತದೆ, ಕರೆದ ಕಡೆ ತಿರುಗುತ್ತದೆ. 2009ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ವೈದ್ಯಕೀಯ ಸಾಧನದ ಸಾಲಿಗೆ ಸೇರಿಸಿತು. ಕೆಲವರ ತಳಮಳ ಕಡಿಮೆಯಾಗುತ್ತದೆ, ಕಾಯಿಲೆ ವಾಸಿಯಾಗಲ್ಲ. ಬೆಲೆ ಲಕ್ಷಗಳಲ್ಲಿ. ಸಾಲ ಮಾಡಿ ತರಿಸಬೇಡಿ. ಮೊದಲು ಮೆತ್ತನೆಯ ಬಟ್ಟೆ ಗೊಂಬೆ ಕೊಟ್ಟು ನೋಡಿ, ಅಮ್ಮ ಬೇಡ ಅಂದರೆ ಬಲವಂತ ಬೇಡ. ಸಂಜೆ ಒಂದು ಬಟ್ಟಲು ಮಂಡಕ್ಕಿ ಹಿಡಿದು ಪಕ್ಕ ಕೂತು ‘ಆ ಮನೆ ಹೇಗಿತ್ತಮ್ಮ’ ಅಂತ ಕೇಳಿ. ಗೊಂದಲ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ, ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ.